ಜಾಮೀನು ತೀರ್ಮಾನವಾಗುವುದು ಹೊಲದ ಬದುವಿನಲ್ಲಿ

ಕರ್ನಾಟಕ ಸರ್ಕಾರದ ಮಾನ್ಯ ಗೃಹ ಸಚಿವರಿಗೆ, ಪೊಲೀಸ್ ಮಹಾನಿರ್ದೇಶಕರಿಗೆ ಮತ್ತು ಜಿಲ್ಲಾ ವಿಶೇಷ ನ್ಯಾಯಾಲಯಗಳಲ್ಲಿ ಸರ್ಕಾರದ ಪರ ನಿಲ್ಲುವ ಅಭಿಯೋಜಕರಿಗೆ,

ನಮಸ್ಕಾರ.

ನಾನು ತೊಗರಿ ಸೀಮೆಯ ಹಳ್ಳಿಗಳಲ್ಲಿ ಗ್ರಾಮ ಲೆಕ್ಕಿಗನಾಗಿ ದುಡಿದು ನಿವೃತ್ತನಾದವನು. ಆ ಹುದ್ದೆಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರಿದೆ; ಊರವರ ಬಾಯಲ್ಲಿ ನಾವು ಇವತ್ತಿಗೂ ತಲಾಠಿಗಳೇ. ಪಹಣಿ ಬರೆದಿದ್ದೇನೆ, ಬೆಳೆ ಹಾನಿಯ ಲೆಕ್ಕ ಹಾಕಿದ್ದೇನೆ, ಹದ್ದುಬಸ್ತಿನ ಜಗಳಗಳಲ್ಲಿ ಅಣ್ಣತಮ್ಮಂದಿರ ನಡುವೆ ನಿಂತಿದ್ದೇನೆ. ಗಾಂಜಾ ಗಿಡ ಸಿಕ್ಕಿದೆ ಎಂದಾಗ ಪೊಲೀಸ್ ಜೀಪಿನಲ್ಲಿ ಹೋಗಿ ಪಂಚನಾಮೆಗೆ ಪಂಚನಾಗಿ ಸಹಿಯನ್ನೂ ಹಾಕಿದ್ದೇನೆ. ಈ ಪತ್ರ ಆ ಸಹಿಗಳ ಕುರಿತಾದದ್ದು. ಅದರಲ್ಲಿ ಒಂದು ಸಹಿ ನನ್ನನ್ನು ಇನ್ನೂ ಬಿಟ್ಟಿಲ್ಲ.

ಅದು ದೀಪಾವಳಿ ಮುಗಿದ ವಾರ. ಹಿಂಗಾರು ಮಳೆ ಎರಡು ದಿನ ಹೊಡೆದು ಆಗಷ್ಟೇ ಬಿಟ್ಟಿತ್ತು. ತೊಗರಿ ಎದೆಮಟ್ಟ ಬೆಳೆದು ಹಳದಿ ಹೂವಾಗಿತ್ತು. ಅದರ ಸಾಲುಗಳ ನಡುವೆ ಅಲ್ಲೊಂದು ಇಲ್ಲೊಂದು ಗಾಂಜಾ ಗಿಡ, ಎಲ್ಲ ಸೇರಿ ಇಪ್ಪತ್ತರ ಒಳಗೆ. ಪೇದೆಗಳು ಒಂದೊಂದನ್ನೇ ಹಿಡಿದು ಬುಡಸಮೇತ ಎಳೆದರು. ಎರೆಭೂಮಿ ಕಂಡವರಿಗೆ ಗೊತ್ತು, ಹಸಿ ಎರೆಯಿಂದ ಕಿತ್ತ ಗಿಡದ ಬೇರಿಗೆ ಮಣ್ಣು ಹೇಗೆ ಹೆಂಟೆಯಾಗಿ ಅಂಟಿಕೊಂಡು ಬರುತ್ತದೆಂದು. ಊರಿನ ಕಿರಾಣಿ ಅಂಗಡಿಯಿಂದ ತೂಗುಕಾಟ ತರಿಸಿ ಬದುವಿನ ಬೇವಿನ ಕೊಂಬೆಗೆ ಕಟ್ಟಿದರು. ಬೇರು, ಮಣ್ಣು, ಕಾಂಡ, ಕೊಂಬೆ, ಎಲೆ, ತೆನೆ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಚೀಲದ ಸಮೇತ ತೂಗಿದರು. ಮುಳ್ಳು ಇಪ್ಪತ್ತಮೂರು ಕಿಲೋದ ಹತ್ತಿರ ನಿಂತಿತು. ಬರೆದುಕೊಂಡರು. ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಆ ರೈತನ ಹೆಂಡತಿ ನನ್ನ ಮುಖ ನೋಡಿ, “ಯಪ್ಪಾ, ಬೇರಿನ ಮಣ್ಣರೆ ಕೊಡವಿ ತೂಗ್ರೀ” ಅಂದಳು. ಅವಳಿಗೆ ಕಾಯ್ದೆ ಗೊತ್ತಿರಲಿಲ್ಲ. ಶೇಂಗಾ ಕೀಳುವಾಗಲೂ ಮಣ್ಣು ಕೊಡವಿಯೇ ತೂಗಬೇಕು ಎನ್ನುವಷ್ಟು ಗೊತ್ತಿತ್ತು.

ನಾನು ಏನೂ ಹೇಳಲಿಲ್ಲ. ಪಂಚನಾಮೆಯನ್ನು ಓದಿ ಸಹಿ ಹಾಕಿದೆ. ಇಪ್ಪತ್ತು ಕಿಲೋ ಎಂಬ ಸಂಖ್ಯೆಗೆ ಏನು ಅರ್ಥ ಎಂದು ನನಗೆ ಆವತ್ತು ತಿಳಿದಿರಲಿಲ್ಲ. ತಿಳಿದುಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

ಆ ಮನುಷ್ಯ ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದ. ಕೆಳಗಿನ ನ್ಯಾಯಾಲಯದಲ್ಲಿ ಜಾಮೀನು ಅರ್ಜಿ ವಜಾ ಆಯಿತು. ಕಾರಣ, ತೂಕ ಇಪ್ಪತ್ತು ಕಿಲೋ ದಾಟಿದ್ದರಿಂದ ಅದು ಕಾಯ್ದೆಯ ಲೆಕ್ಕದಲ್ಲಿ ವಾಣಿಜ್ಯ ಪ್ರಮಾಣ. ಹೈಕೋರ್ಟಿಗೆ ವಕೀಲರನ್ನು ಹಿಡಿಯಲು ಎತ್ತು ಮಾರಿದರು. ಜಾಮೀನು ಸಿಕ್ಕ ಮೇಲೂ ಇಬ್ಬರು ಶ್ಯೂರಿಟಿಗಳನ್ನು ಹುಡುಕಲು ಇನ್ನೆರಡು ತಿಂಗಳು ಹಿಡಿಯಿತು. ಗಾಂಜಾ ಕೇಸಿನವನಿಗೆ ಪಹಣಿ ಒತ್ತೆ ಇಟ್ಟು ನಿಲ್ಲಲು ಊರಲ್ಲಿ ಯಾರೂ ಮುಂದೆ ಬರಲಿಲ್ಲ. ಅವನು ಹೊರಗೆ ಬಂದಾಗ ಹೆಂಡತಿ ತವರಿಗೆ ಹೋಗಿಯಾಗಿತ್ತು, ದೊಡ್ಡ ಮಗ ಶಾಲೆ ಬಿಟ್ಟು ಕಟ್ಟಡ ಕೆಲಸಕ್ಕೆ ಪುಣೆ ಸೇರಿದ್ದ.

ಅವನು ತಪ್ಪು ಮಾಡಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಗಿಡ ಇತ್ತು, ಅದನ್ನು ನೆಟ್ಟವನು ಅವನೇ. ಗಾಂಜಾ ಸೇದಿ ಮಂಕಾದ ಹುಡುಗರನ್ನು ನಾನು ನಮ್ಮೂರ ಬಸ್ ನಿಲ್ದಾಣದಲ್ಲೇ ನೋಡುತ್ತಿದ್ದೇನೆ. ಅವರಲ್ಲಿ ಒಬ್ಬ ನನ್ನ ಅಕ್ಕನ ಮೊಮ್ಮಗ. ಗಾಂಜಾ ಮೇಲೆ ನನಗೆ ಮರುಕವಿಲ್ಲ. ನನ್ನ ಮಾತಿರುವುದು ತಕ್ಕಡಿಯ ಮೇಲೆ.

ನಿವೃತ್ತನಾದ ಮೇಲೆ ಮಾದಕ ವಸ್ತುಗಳ ತಡೆಗಿರುವ 1985ರ ಎನ್‌ಡಿಪಿಎಸ್ ಕಾಯ್ದೆಯನ್ನು ತರಿಸಿ ಓದಿದೆ. ಮೊದಲೇ ಓದಬೇಕಿತ್ತು, ಏಕೆಂದರೆ ಅದರ 47ನೇ ಸೆಕ್ಷನ್ ನನ್ನಂಥ ಗ್ರಾಮಾಧಿಕಾರಿಗಳ ಮೇಲೇ ಒಂದು ಕರ್ತವ್ಯ ಹೊರಿಸಿದೆ: ಅಕ್ರಮ ಬೆಳೆ ಕಂಡರೆ ತಕ್ಷಣ ತಿಳಿಸಬೇಕು. ತಿಳಿಸುವುದನ್ನು ಕಲಿಸಿದರು. ತಿಳಿಸಿದ ಮೇಲೆ ಏನನ್ನು ನೋಡಬೇಕು ಎಂದು ಯಾರೂ ಕಲಿಸಲಿಲ್ಲ.

ಈ ಕಾಯ್ದೆ ಗಾಂಜಾ ಎಂದರೆ ಏನೆಂದು 2ನೇ ಸೆಕ್ಷನ್ನಿನಲ್ಲೇ ಬರೆದಿಟ್ಟಿದೆ. ಗಿಡದ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿಗಳು. ಆ ತುದಿಗಳ ಜತೆಗಿಲ್ಲದ ಬೀಜ ಮತ್ತು ಎಲೆ ಗಾಂಜಾ ಅಲ್ಲ. ಬೇರು ಗಾಂಜಾ ಅಲ್ಲ. ಬುಡದ ಕಾಂಡ ಗಾಂಜಾ ಅಲ್ಲ. ಎರೆಮಣ್ಣು ಅಲ್ಲವೇ ಅಲ್ಲ. ಹೂವೇ ಬಿಡದ ಎಳೆಯ ಗಿಡದಲ್ಲಿ ಆ ಅರ್ಥದ ಗಾಂಜಾ ಇನ್ನೂ ಹುಟ್ಟಿಯೇ ಇರುವುದಿಲ್ಲ. 2001ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ಗಾಂಜಾದ ಅಲ್ಪ ಪ್ರಮಾಣ 1 ಕಿಲೋ, ವಾಣಿಜ್ಯ ಪ್ರಮಾಣ 20 ಕಿಲೋ. ಈ ಕಿಲೋಗಳು ಯಾವುದರ ಕಿಲೋಗಳು? ಗಾಂಜಾದವು. ಗಿಡದವಲ್ಲ.

ಇಪ್ಪತ್ತು ದಾಟಿದರೆ ಏನಾಗುತ್ತದೆ ಎಂಬುದನ್ನು ಈ ಪತ್ರ ಓದುವ ನನ್ನಂಥ ಸಾಮಾನ್ಯರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅಭಿಯೋಜಕರು ಮನ್ನಿಸಬೇಕು. ಅಲ್ಪ ಪ್ರಮಾಣಕ್ಕಿಂತ ಹೆಚ್ಚು, ವಾಣಿಜ್ಯ ಪ್ರಮಾಣಕ್ಕಿಂತ ಕಡಿಮೆ ಎಂದಾದರೆ ಹತ್ತು ವರ್ಷದವರೆಗೆ ಶಿಕ್ಷೆ ಆಗಬಹುದು; ಎಷ್ಟು ಎಂಬುದು ನ್ಯಾಯಾಧೀಶರ ವಿವೇಚನೆ. ವಾಣಿಜ್ಯ ಪ್ರಮಾಣ ಎಂದಾದರೆ ಕನಿಷ್ಠವೇ ಹತ್ತು ವರ್ಷ, ಗರಿಷ್ಠ ಇಪ್ಪತ್ತು, ದಂಡ ಒಂದು ಲಕ್ಷದಿಂದ ಎರಡು ಲಕ್ಷ. ಆದರೆ ಶಿಕ್ಷೆ ಆಮೇಲಿನ ಮಾತು. ಅದಕ್ಕಿಂತ ಮೊದಲು 37ನೇ ಸೆಕ್ಷನ್ ಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಬೇರೆ ಪ್ರಕರಣಗಳಲ್ಲಿ ಜಾಮೀನೇ ನಿಯಮ, ಜೈಲು ಅಪವಾದ, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು 1977ರಲ್ಲೇ ಹಾಕಿಕೊಟ್ಟ ದಾರಿ ಅದು. 37 ಬಂದರೆ ಅದು ತಲೆಕೆಳಗಾಗುತ್ತದೆ. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಸಕಾರಣಗಳಿವೆ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆ ಆದರೆ ಮಾತ್ರ ಜಾಮೀನು. ಅಂದರೆ ಸಾಕ್ಷಿ ವಿಚಾರಣೆ ಶುರುವಾಗುವ ಮೊದಲೇ ಅರ್ಧ ಖುಲಾಸೆ ಪಡೆದುಕೊಂಡಂತೆ ಇರಬೇಕು.

ಚಾರ್ಜ್‌ಶೀಟಿನ ಗಡುವೂ ಇದೇ ತೂಕದ ಮೇಲೆ ನಿಂತಿದೆ. ಸಾಮಾನ್ಯವಾಗಿ 60 ಅಥವಾ 90 ದಿನದಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ವಾಣಿಜ್ಯ ಪ್ರಮಾಣವಾದರೆ 180 ದಿನ, ಅಭಿಯೋಜಕರ ವರದಿಯ ಮೇಲೆ ನ್ಯಾಯಾಲಯ ಒಪ್ಪಿದರೆ ಒಂದು ವರ್ಷದವರೆಗೂ ಹಿಗ್ಗಿಸಬಹುದು. ಬೇವಿನ ಕೊಂಬೆಗೆ ಕಟ್ಟಿದ ಕಿರಾಣಿ ಅಂಗಡಿಯ ತೂಗುಕಾಟದ ಮುಳ್ಳು ಮೂರು ಗೆರೆ ಆಚೆ ಹೋದರೆ ಇಷ್ಟೆಲ್ಲ ಬದಲಾಗುತ್ತದೆ. ಆ ಮೂರು ಗೆರೆ ನನ್ನ ಕಣ್ಣೆದುರಿಗೆ ಮಣ್ಣಿನಿಂದ ಆದದ್ದು.

ಎಪಿಎಂಸಿಗೆ ಮೆಕ್ಕೆಜೋಳ ಒಯ್ದ ರೈತನಿಗೆ ಏನಾಗುತ್ತದೆ? ತೇವಾಂಶ ಶೇಕಡಾ 14 ದಾಟಿದೆ ಎಂದು ದರ ಮುರಿಯುತ್ತಾರೆ. ತೊಗರಿಯಲ್ಲಿ ಕಸಕಡ್ಡಿ ಇದೆ ಎಂದು ಕಿಲೋಗಟ್ಟಲೆ ಕಳೆಯುತ್ತಾರೆ. ರೈತನಿಗೆ ಹಣ ಕೊಡಬೇಕಾದಾಗ ಮಣ್ಣು, ಹೊಟ್ಟು, ನೀರು ಎಲ್ಲದಕ್ಕೂ ಲೆಕ್ಕವಿದೆ. ಅದೇ ರೈತನನ್ನು ಜೈಲಿಗೆ ಕಳಿಸಬೇಕಾದಾಗ ಹಸಿ ಗಿಡದ ನೀರನ್ನೂ ಬೇರಿನ ಮಣ್ಣನ್ನೂ ಸೇರಿಸಿ ತೂಗುತ್ತೇವೆ. ಗಾಂಜಾದ ಹಸಿ ತೆನೆ ಒಣಗಿದರೆ ತೂಕದ ಮುಕ್ಕಾಲು ಪಾಲು ಹೋಗಿಬಿಡುತ್ತದೆ. ರಾಶಿ ಮಾಡದೆ ತೂಕ ಮಾಡುವ ಒಕ್ಕಲುತನ ನಮ್ಮ ನಾಡಿನಲ್ಲಿ ಎಲ್ಲಿಯೂ ಇಲ್ಲ.

ಇನ್ನೊಂದು ಸಂಗತಿ ಇದೆ, ಇದು ತೂಕಕ್ಕಿಂತ ಮುಖ್ಯ ಎಂದು ನನಗೆ ಅನ್ನಿಸುತ್ತದೆ. ಕಾಯ್ದೆಯ 20ನೇ ಸೆಕ್ಷನ್ನಿನಲ್ಲಿ ಎರಡು ಬೇರೆ ಬೇರೆ ಅಪರಾಧಗಳಿವೆ. ಗಿಡ ಬೆಳೆಸುವುದು ‘ಎ’ ಉಪವಿಭಾಗ. ಗಾಂಜಾ ತಯಾರಿಸುವುದು, ಇಟ್ಟುಕೊಳ್ಳುವುದು, ಸಾಗಿಸುವುದು, ಮಾರುವುದು ‘ಬಿ’ ಉಪವಿಭಾಗ. ಬೆಳೆಸುವುದಕ್ಕೆ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ ಮತ್ತು ಒಂದು ಲಕ್ಷದವರೆಗೆ ದಂಡ. ಅದು ಸಣ್ಣ ಶಿಕ್ಷೆಯೇನಲ್ಲ. ಆದರೆ ಅಲ್ಲಿ ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ ಎಂಬ ಮೆಟ್ಟಿಲುಗಳೇ ಇಲ್ಲ. 37ನೇ ಸೆಕ್ಷನ್ ತಾನು ಯಾರಿಗೆ ಅನ್ವಯ ಎಂದು ಹೆಸರಿಟ್ಟು ಹೇಳುತ್ತದೆ: 19, 24, 27ಎ ಸೆಕ್ಷನ್‌ಗಳ ಅಪರಾಧಗಳು ಮತ್ತು ವಾಣಿಜ್ಯ ಪ್ರಮಾಣದ ಅಪರಾಧಗಳು. ಆ ಪಟ್ಟಿಯಲ್ಲಿ 20ರ ‘ಎ’ ಇಲ್ಲ. ಭೂಮಿಯಲ್ಲಿ ಬೇರು ಬಿಟ್ಟು ನಿಂತ ಗಿಡದ ವಿಷಯಕ್ಕೆ ಸಂಸತ್ತು ಒಂದು ದಾರಿ ಮಾಡಿಕೊಟ್ಟಿದೆ, ಆ ದಾರಿಯಲ್ಲಿ ಸಾಮಾನ್ಯ ಜಾಮೀನಿಗೆ ಬಾಗಿಲು ತೆರೆದಿದೆ. ನಾವು ಮಾಡುವುದೇನು? ನಿಂತ ಗಿಡವನ್ನು ನಾವೇ ಕಿತ್ತು, ನಾವೇ ಚೀಲಕ್ಕೆ ತುಂಬಿ, ನಾವೇ ತೂಗಿ, “ಇವನ ಬಳಿ ಇಪ್ಪತ್ತಮೂರು ಕಿಲೋ ಗಾಂಜಾ ಇತ್ತು” ಎಂದು ‘ಬಿ’ ಸೇರಿಸುತ್ತೇವೆ. ಅವನ ಬಳಿ ಇದ್ದದ್ದು ಗಿಡ. ಚೀಲ ನಮ್ಮದು.

ಇದನ್ನು ನಮ್ಮ ಹೈಕೋರ್ಟೂ ಬೇರೆ ಹೈಕೋರ್ಟುಗಳೂ ಹಲವು ಆದೇಶಗಳಲ್ಲಿ ಗುರುತಿಸಿವೆ. ಇಡೀ ಗಿಡ ತೂಗಿದ್ದಾರೆ, ತುದಿಗಳನ್ನು ಬೇರ್ಪಡಿಸಿಲ್ಲ, ಹಾಗಾಗಿ ವಾಣಿಜ್ಯ ಪ್ರಮಾಣ ಎಂದು ಈ ಹಂತದಲ್ಲಿ ಹೇಳಲಾಗದು ಎಂದು ಜಾಮೀನು ಕೊಟ್ಟಿವೆ. ಬೆಂಗಳೂರಿನ ಮನೆಯೊಂದರ ಹಿತ್ತಲಿನ ಗಿಡಗಳ ಪ್ರಕರಣದಲ್ಲಿ 2025ರಲ್ಲಿ ನಮ್ಮ ಹೈಕೋರ್ಟ್ ಇದೇ ದೋಷ ಕಂಡು ಇಡೀ ಕೇಸನ್ನೇ ರದ್ದುಪಡಿಸಿತು. 2022ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಕೆ. ನಟರಾಜನ್ ಅವರು ಭಂಗಿಯ ಪ್ರಕರಣವೊಂದರಲ್ಲಿ, ಎಲೆಯಿಂದ ಮಾಡಿದ ಭಂಗಿ ಈ ಕಾಯ್ದೆಯ ಗಾಂಜಾ ಅಲ್ಲ ಎಂದು ವ್ಯಾಖ್ಯೆಯನ್ನು ಓದಿ ಹೇಳಿ ಜಾಮೀನು ಕೊಟ್ಟರು. ಹಾಗಾದರೆ ನ್ಯಾಯ ಸಿಗುತ್ತಿದೆಯಲ್ಲ ಎನ್ನುವಿರಿ. ಸಿಗುತ್ತಿದೆ, ಹೈಕೋರ್ಟ್ ಮುಟ್ಟಿದವನಿಗೆ. 2008ರಲ್ಲಿ ಧಾರವಾಡ, ಕಲಬುರಗಿಯಲ್ಲಿ ಪೀಠಗಳು ಬಂದದ್ದರಿಂದ ನಮ್ಮ ಕಡೆಯವರಿಗೆ ದಾರಿ ಹತ್ತಿರವಾಯಿತು ನಿಜ. ವಕೀಲರ ಫೀಸು ಹತ್ತಿರವಾಗಲಿಲ್ಲ. ಹನೂರಿನ ಕಾಡಂಚಿನ ಸೋಲಿಗನಿಗೆ ಬೆಂಗಳೂರು ಇವತ್ತಿಗೂ ಅಷ್ಟೇ ದೂರ. ಒಂದೇ ಕಾನೂನಿನ ಒಂದೇ ಸಾಲು ಎತ್ತು ಮಾರಿದವನಿಗೆ ಮಾತ್ರ ಅನ್ವಯಿಸುವುದಾದರೆ ಅದನ್ನು ಠಾಣೆಯಲ್ಲೇ ಅನ್ವಯಿಸಿ ಎಂದು ಕೇಳುತ್ತಿದ್ದೇನೆ.

ಅಭಿಯೋಜಕರು ಎತ್ತುವ ಆಕ್ಷೇಪಗಳನ್ನೂ ನಾನು ಓದಿದ್ದೇನೆ, ಅವುಗಳಲ್ಲಿ ಹುರುಳಿಲ್ಲ ಎನ್ನಲಾರೆ. ತುದಿಯ ಜತೆಗಿರುವ ಎಲೆಗೆ ವಿನಾಯಿತಿ ಇಲ್ಲ ಎನ್ನುತ್ತೀರಿ. ಸರಿ, ತುದಿಯ ಜತೆ ಬಂದ ಎಲೆಯನ್ನು ತುದಿಯ ಜತೆಗೇ ತೂಗಿ. ಬುಡದ ಎಲೆಯನ್ನೂ ಬೇರನ್ನೂ ಯಾಕೆ? 2020ರ ಹೀರಾ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮಾದಕದ ಜತೆ ಬೆರೆಸಿದ ತಟಸ್ಥ ವಸ್ತುವಿನ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದಿದೆ ಎನ್ನುತ್ತೀರಿ. ಅದು ಬೆರಕೆಯ ಮಾತು. ಹಿಟ್ಟಿಗೆ ಸುಣ್ಣ ಬೆರೆಸುವುದು ಬೇರೆ, ಜೋಳಕ್ಕೆ ದಂಟು ಇರುವುದು ಬೇರೆ. ಬೆರಕೆ ಮನುಷ್ಯ ಮಾಡುತ್ತಾನೆ, ದಂಟನ್ನು ಮಳೆ ಬೆಳೆಸುತ್ತದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಜಪ್ತಿ ಮಾಡಿದ ಮಾಲಿನ ಸ್ಯಾಂಪಲ್ ಮತ್ತು ವಿಲೇವಾರಿ ಕುರಿತ 52ಎ ಸೆಕ್ಷನ್ನಿನ ವಿಧಾನ ಪಾಲಿಸುವಲ್ಲಿ ಆದ ಲೋಪ ಒಂದೇ ಜಾಮೀನಿಗೆ ಕಾರಣವಾಗದು ಎಂದದ್ದೂ ಗೊತ್ತಿದೆ. ನಾನು ಹೇಳುತ್ತಿರುವುದು ವಿಧಾನದ ಲೋಪವನ್ನಲ್ಲ. ತೂಗಿದ ವಸ್ತು ಕಾಯ್ದೆ ಹೇಳುವ ವಸ್ತುವೇ ಅಲ್ಲ ಎನ್ನುತ್ತಿದ್ದೇನೆ.

ಇಲ್ಲಿ ಪೊಲೀಸ್ ಇಲಾಖೆಗೆ ಒಂದು ಮಾತು. ಈ ಸಡಿಲ ತೂಕದಿಂದ ಬಡವನಷ್ಟೇ ನರಳುತ್ತಾನೆ, ಗಾಂಜಾ ದಂಧೆಗೆ ಏಟು ಬೀಳುತ್ತದೆ ಎಂದುಕೊಂಡಿದ್ದರೆ ಅದು ತಪ್ಪು. ಎಕರೆಗಟ್ಟಲೆ ಬೆಳೆಸಿದ ಗುತ್ತಿಗೆದಾರನ ಪ್ರಕರಣದಲ್ಲೂ ಪಂಚನಾಮೆ ಹೀಗೇ ಬರೆದಿರುತ್ತದೆ. ಅವನ ವಕೀಲರು ಮೊದಲು ಹಿಡಿಯುವುದು ಇದೇ ಎಳೆಯನ್ನು. ಒಂದೇ ತಪ್ಪು ಬಡವನನ್ನು ವರ್ಷಗಟ್ಟಲೆ ಒಳಗಿಡುತ್ತದೆ, ಉಳ್ಳವನನ್ನು ತಿಂಗಳೊಳಗೆ ಹೊರಗೆ ತರುತ್ತದೆ. ಸರಿಯಾಗಿ ತೂಗಿದ್ದರೆ ಅವನದು ನಿಜವಾಗಿಯೂ ಇಪ್ಪತ್ತು ಕಿಲೋ ದಾಟುತ್ತಿತ್ತು. ಕಾಯ್ದೆಯ ಬಿಗಿ ಯಾರ ಮೇಲೆ ಬೀಳಬೇಕಿತ್ತೋ ಅವನ ಮೇಲೆ ಬೀಳುತ್ತಿತ್ತು.

ಈಗ ನನ್ನ ಸ್ವಂತ ಇಲಾಖೆಯ ಕಡೆಗೆ ಬರುತ್ತೇನೆ, ಅಂದರೆ ಪಹಣಿಗೆ. 54ನೇ ಸೆಕ್ಷನ್ನಿನ ಪ್ರಕಾರ, ಒಬ್ಬ ತಾನು ಸಾಗುವಳಿ ಮಾಡಿದ ಭೂಮಿಯಲ್ಲಿ ಗಾಂಜಾ ಗಿಡ ಇದ್ದರೆ ಅಪರಾಧ ಅವನದೆಂದು ನ್ಯಾಯಾಲಯ ಭಾವಿಸಿಕೊಳ್ಳಬಹುದು. ಅಲ್ಲ ಎಂದು ತೋರಿಸುವ ಹೊರೆ ಅವನದು. ‘ತಾನು ಸಾಗುವಳಿ ಮಾಡಿದ’ ಎಂಬ ಮಾತಿನ ಮೇಲೆ ಎಲ್ಲ ನಿಂತಿದೆ. ಭೂಮಿ ಯಾರ ಹೆಸರಿನಲ್ಲಿದೆ ಎನ್ನುವುದರ ಮೇಲಲ್ಲ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರಿರುತ್ತದೆ, 12ನೇ ಕಾಲಂನಲ್ಲಿ ಸಾಗುವಳಿದಾರನ ಹೆಸರು ಇರಬೇಕು. ಇರುತ್ತದೆಯೇ? ಮೂವತ್ತು ವರ್ಷ ಆ ಕಾಲಂ ತುಂಬಿದವನು ಹೇಳುತ್ತೇನೆ, ಬಹುಪಾಲು ಕಡೆ ಅಲ್ಲಿ ಮಾಲೀಕನ ಹೆಸರೇ ಮತ್ತೆ ಬರುತ್ತದೆ, ಇಲ್ಲವೇ ‘ಸ್ವಂತ’ ಎಂದಿರುತ್ತದೆ. 1974ರ ಮಾರ್ಚ್ 1ರಿಂದ ನಮ್ಮಲ್ಲಿ ಗೇಣಿ ನಿಷೇಧ. ಕಾಗದದಲ್ಲಿ ಇಲ್ಲವಾದ ಗೇಣಿ ಬಾಯಿಮಾತಿನಲ್ಲಿ ಉಳಿಯಿತು: ನಮ್ಮ ಕಡೆ ಲಾವಣಿ, ಆಚೆ ಕೋರು, ಇನ್ನೊಂದೆಡೆ ವಾರ. ಬರೆಯುವಂತಿಲ್ಲ, ಬರೆದರೆ ಮಾಲೀಕ ಒಪ್ಪುವುದಿಲ್ಲ. ಹಾಗಾಗಿ ಗಾಂಜಾ ಸಿಕ್ಕಾಗ ಒಂದೋ ಹೊಲದಲ್ಲಿ ಕಂಡ ಕೂಲಿಯವನನ್ನು ಹಿಡಿಯುತ್ತಾರೆ, ಇಲ್ಲವೇ ಪಹಣಿಯಲ್ಲಿ ಹೆಸರಿದೆ ಎಂದು ಪಟ್ಟಣದಲ್ಲಿ ಮಗನ ಮನೆಯಲ್ಲಿರುವ ಎಂಬತ್ತರ ಮುದುಕಿಯ ಮೇಲೆ ಕೇಸು ಹಾಕುತ್ತಾರೆ. ಜಂಟಿ ಖಾತೆಯಾದರೆ ನಾಲ್ವರು ಅಣ್ಣತಮ್ಮಂದಿರಲ್ಲಿ ಮನೆಯಲ್ಲಿ ಸಿಕ್ಕವನು ಆರೋಪಿ.

2004ರಲ್ಲಿ ಉತ್ತರ ಪ್ರದೇಶದ ರೈತನೊಬ್ಬನ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಕೇಳಿತ್ತು. ಜಮೀನು ಕುಟುಂಬದ ಹಲವರದು. ಗಿಡವನ್ನು ಈತನೇ ನೆಟ್ಟು ಬೆಳೆಸಿದ ಎಂಬುದಕ್ಕೆ ಸಾಕ್ಷಿ ಎಲ್ಲಿ? ಆತನನ್ನು ಖುಲಾಸೆ ಮಾಡಿತು. ಬಿದ್ದ ಬೀಜದಿಂದ ತಾನಾಗಿ ಹುಟ್ಟಿದ ಗಿಡಕ್ಕೂ ನೆಟ್ಟು, ನೀರುಣಿಸಿ ಬೆಳೆಸಿದ ಗಿಡಕ್ಕೂ ವ್ಯತ್ಯಾಸವಿದೆ. ಗಿಡದ ಬುಡಕ್ಕೆ ಪಾತಿ ಇದೆಯೇ, ಸಾಲಿನಲ್ಲಿದೆಯೇ, ಗಂಡು ಗಿಡಗಳನ್ನು ಕಿತ್ತು ಹಾಕಿದ್ದಾರೆಯೇ ಎಂದು ಒಬ್ಬ ಒಕ್ಕಲಿಗ ನೋಡಿದ ತಕ್ಷಣ ಹೇಳುತ್ತಾನೆ. ಗಂಡು ಗಿಡ ಕಿತ್ತಿದ್ದರೆ ಅದು ಗೊತ್ತಿದ್ದು ಮಾಡಿದ ಬೇಸಾಯ. ನಾನು ಸಹಿ ಹಾಕಿದ ಯಾವ ಪಂಚನಾಮೆಯಲ್ಲೂ ಈ ವಿವರ ಇರಲಿಲ್ಲ. ಗಿಡಗಳ ಸಂಖ್ಯೆ ಕೂಡ ಕೆಲವದರಲ್ಲಿ ಇರಲಿಲ್ಲ, ತೂಕ ಮಾತ್ರ.

ಬೀಜ ಕೊಟ್ಟವನು ಯಾರು ಎಂಬ ಪ್ರಶ್ನೆ ಅಂತೂ ಕೇಳಿದ್ದೇ ನೆನಪಿಲ್ಲ. ಆ ತೊಗರಿ ಹೊಲದವನು ಜೀಪು ಹತ್ತುವ ಮೊದಲೇ ಎಲ್ಲರೆದುರು ಹೇಳಿದ್ದ: ಸಂತೆಯ ದಿನ ಬೈಕಿನಲ್ಲಿ ಬಂದವನೊಬ್ಬ ಬೀಜ ಕೊಟ್ಟ, ಎರಡು ಸಾವಿರ ಮುಂಗಡ ಕೊಟ್ಟ, ಹೂವಾದ ಮೇಲೆ ತಾನೇ ಬಂದು ಕೊಯ್ದುಕೊಂಡು ಹೋಗುತ್ತೇನೆ ಎಂದ. ಹಿಂದಿನ ವರ್ಷ ತೊಗರಿ ದರ ಬಿದ್ದು ಸೊಸೈಟಿ ಸಾಲ ಉಳಿದಿತ್ತು. ಸುಪ್ರೀಂ ಕೋರ್ಟಿನ 2020ರ ತೂಫಾನ್ ಸಿಂಗ್ ತೀರ್ಪಿನ ನಂತರ, ತನಿಖಾಧಿಕಾರಿ ಎದುರು ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ. ಒಳ್ಳೆಯದೇ. ಆದರೆ ಅದರ ಅರ್ಥ ಆ ಬೈಕಿನವನನ್ನು ಹುಡುಕಬೇಡಿ ಎಂದಲ್ಲ. ಫೋನ್ ಕರೆ ಇದೆ, ಹಣ ಬಂದ ದಾರಿ ಇದೆ. ಹಣ ಹೂಡಿದವನಿಗೆಂದೇ 27ಎ, ಪ್ರೇರಣೆ ಕೊಟ್ಟವನಿಗೆ, ಸಂಚು ಹೂಡಿದವನಿಗೆ 29ನೇ ಸೆಕ್ಷನ್ ಇವೆ. 64ನೇ ಸೆಕ್ಷನ್ ಪ್ರಕಾರ, ನಿಜ ಹೇಳುವ ಸಣ್ಣ ಆರೋಪಿಗೆ ರಾಜ್ಯ ಸರ್ಕಾರವೇ ಮೊಕದ್ದಮೆಯಿಂದ ವಿನಾಯಿತಿ ಕೊಟ್ಟು ಅವನನ್ನು ಸಾಕ್ಷಿಯಾಗಿ ಬಳಸಬಹುದು. ಗೃಹ ಸಚಿವರೇ, ಆ ಅಧಿಕಾರ ನಿಮ್ಮ ಕೈಯಲ್ಲಿದೆ. ಬೆಳೆಗಾರನನ್ನು ಜೈಲಿನಲ್ಲಿ ಕೊಳೆಸುವುದಕ್ಕಿಂತ ಅವನ ಬಾಯಿಂದ ದಲ್ಲಾಳಿಯ ಹೆಸರು ಹೊರಡಿಸುವುದು ಮುಂದಿನ ವರ್ಷದ ಹತ್ತು ಹೊಲಗಳನ್ನು ಉಳಿಸುತ್ತದೆ.

ಹಾಗಾಗಿ ನಾನು ಕೇಳುವುದು ಕೆಲವೇ ಸಂಗತಿಗಳನ್ನು. ಯಾವುದಕ್ಕೂ ಕಾಯ್ದೆ ತಿದ್ದುಪಡಿ ಬೇಡ.

ಪೊಲೀಸ್ ಮಹಾನಿರ್ದೇಶಕರು ಒಂದು ಸುತ್ತೋಲೆ ಹೊರಡಿಸಲಿ: ನಿಂತ ಗಿಡ ಸಿಕ್ಕರೆ ಮೊದಲು ಎಣಿಸಬೇಕು, ಎತ್ತರ ಮತ್ತು ಹೂವಿನ ಹಂತ ಬರೆಯಬೇಕು, ತುದಿಗಳನ್ನು ಕತ್ತರಿಸಿ ಪ್ರತ್ಯೇಕವಾಗಿ ತೂಗಬೇಕು, ಕಾಂಡ ಮತ್ತು ಬೇರಿನ ತೂಕ ಬೇಕಿದ್ದರೆ ಬೇರೆ ಸಾಲಿನಲ್ಲಿ ಬರೆಯಬೇಕು. ಕಿರಾಣಿ ಅಂಗಡಿಯ ತೂಗುಕಾಟ ಬೇಡ, ಮುದ್ರೆ ಹಾಕಿದ ತೂಕದ ಯಂತ್ರ ಇರಲಿ. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು ಎಂದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಹೇಳಿಯೇ ಇದೆ. ಆ ವಿಡಿಯೊದಲ್ಲಿ ಗಿಡ ಕೀಳುವುದೂ ತುದಿ ಬೇರ್ಪಡಿಸುವುದೂ ತೂಕದ ಅಂಕಿಯೂ ಕಾಣಲಿ. ಸ್ಯಾಂಪಲ್ ತೆಗೆಯುವುದು ಮ್ಯಾಜಿಸ್ಟ್ರೇಟರ ಎದುರು ಎಂದು ಸುಪ್ರೀಂ ಕೋರ್ಟಿನ 2016ರ ಮೋಹನ್‌ಲಾಲ್ ತೀರ್ಪೂ 2022ರ ಡಿಸೆಂಬರ್‌ನ ಹೊಸ ನಿಯಮಗಳೂ ಹೇಳುತ್ತವೆ. ಆ ಹೊತ್ತಿಗಾದರೂ ಮ್ಯಾಜಿಸ್ಟ್ರೇಟರ ಮುಂದೆ ತುದಿ ಬೇರೆ, ದಂಟು ಬೇರೆ ಇಡಿ. ಪಂಚನಾಗಿ ಬರುವ ಗ್ರಾಮ ಆಡಳಿತ ಅಧಿಕಾರಿಗೆ ಒಂದು ದಿನದ ತರಬೇತಿ ಕೊಡಿ, ಸಾಗುವಳಿದಾರ ಯಾರೆಂದು ಆತ ಸ್ಥಳದಲ್ಲೇ ವಿಚಾರಿಸಿ ಬರೆಯಲಿ. ಬೆಳೆ ಸಮೀಕ್ಷೆಯ ಫೋಟೊಗಳು ಹೇಗೂ ಇವೆ.

ಅಭಿಯೋಜಕರಲ್ಲಿ ನನ್ನ ಬೇಡಿಕೆ ಇಷ್ಟೇ. ಜಾಮೀನು ಅರ್ಜಿಗೆ ಆಕ್ಷೇಪಣೆ ಬರೆಯುವ ಮೊದಲು ಪಂಚನಾಮೆಯನ್ನು ತೆರೆದು ಒಂದು ಪ್ರಶ್ನೆ ಹಾಕಿಕೊಳ್ಳಿ: ತೂಗಿದ್ದು ಏನನ್ನು? ಇಡೀ ಗಿಡ ಎಂದಿದ್ದರೆ, ಹಾಗೆಂದು ನ್ಯಾಯಾಲಯಕ್ಕೆ ನೀವೇ ತಿಳಿಸಿ. ನೀವು ಸರ್ಕಾರದ ವಕೀಲರು, ಠಾಣೆಯ ವಕೀಲರಲ್ಲ. 37ನೇ ಸೆಕ್ಷನ್ ನಿಮಗೆ ವಿರೋಧಿಸುವ ಅವಕಾಶ ಕೊಟ್ಟಿದೆ. ಪ್ರತಿ ಬಾರಿಯೂ ವಿರೋಧಿಸಲೇಬೇಕು ಎಂದು ಎಲ್ಲಿಯೂ ಬರೆದಿಲ್ಲ. ನ್ಯಾಯಾಧೀಶರಿಗೆ ನಾನು ಏನೂ ಹೇಳಹೊರಟಿಲ್ಲ, ಹೇಳಬಾರದು. ಅವರ ಮುಂದೆ ಬರುವುದು ನಾವು ಬರೆದ ಅಂಕಿ. ಅದು ಸುಳ್ಳಾದರೆ ಆದೇಶ ಹ್ಯಾಗೆ ಸರಿಯಾದೀತು?

ವಿಚಾರಣೆ ಎಳೆದಾಡಿ ಜೈಲಿನಲ್ಲೇ ವರ್ಷ ಕಳೆದವರ ಬಗ್ಗೆ ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಂಜಾ ಪ್ರಕರಣವೊಂದರಲ್ಲಿ ಏಳು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದವನಿಗೆ ಜಾಮೀನು ಕೊಡುತ್ತ, ವಿಚಾರಣೆ ಅತಿಯಾಗಿ ತಡವಾದರೆ 37 ಅಡ್ಡಿಯಾಗದು ಎಂದಿತು. ಕಡುಬಡವ ಜೈಲಿಗೆ ಹೋದರೆ ಜೀವನೋಪಾಯ ಅಂದೇ ಹೋಗುತ್ತದೆ, ಸಂಸಾರ ಚದುರುತ್ತದೆ ಎಂದೂ ಬರೆಯಿತು. ಅದನ್ನು ಓದುವಾಗ ನನಗೆ ಆ ಹೆಣ್ಣುಮಗಳು ಕಣ್ಣೆದುರು ಬಂದಳು.

ಇನ್ನು ಶ್ಯೂರಿಟಿ. ಜಾಮೀನು ಸಿಕ್ಕೂ ಹೊರಗೆ ಬರಲಾಗದವರ ವಿವರವನ್ನು ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳೊಳಗೆ ಬಿಡುಗಡೆ ಆಗದಿದ್ದರೆ ಷರತ್ತು ಸಡಿಲಿಸುವ ಬಗ್ಗೆ ನ್ಯಾಯಾಲಯ ಯೋಚಿಸಬಹುದು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿದೆ. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳ ನೆರವಿಗೆ ಯೋಜನೆ ತಂದಿತು. ವಿಚಾರಣಾಧೀನ ಕೈದಿಗೆ ಒಂದು ಮಿತಿಯವರೆಗೆ ಜಾಮೀನು ಹಣ ಸರ್ಕಾರವೇ ಕಟ್ಟುತ್ತದೆ. ಆದರೆ ಎನ್‌ಡಿಪಿಎಸ್ ಆರೋಪಿಗಳಿಗೆ ಅದು ಇಲ್ಲ. ಕೋಟಿ ವಹಿವಾಟಿನ ಕಳ್ಳಸಾಗಣೆದಾರನನ್ನು ಹೊರಗಿಡಲು ಹಾಕಿದ ಬೇಲಿ ಎಂದು ಅರ್ಥವಾಗುತ್ತದೆ. ಬೇಲಿಯ ಆಚೆ ಉಳಿದವರಲ್ಲಿ ಹನ್ನೆರಡು ಗಿಡ ನೆಟ್ಟ ಲಾವಣಿ ರೈತನೂ ಇದ್ದಾನೆ. ರಾಜ್ಯ ಸರ್ಕಾರ ಇವರಿಗಾಗಿ ಬೇರೆ ನಿಧಿ ಇಡಲಿ. ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ನೋಡದೆ, ಉಚಿತ ವಕೀಲರು ಸಿಗಬೇಕು ಎಂಬ ಹಕ್ಕು ಹೇಗೂ ಇದೆ. ಆ ಹಕ್ಕಿದೆ ಎಂದು ಬಂಧಿಸಿದ ದಿನವೇ ಮನೆಯವರಿಗೆ ಅವರ ಭಾಷೆಯಲ್ಲಿ ಹೇಳುವವರು ಬೇಕು. ಎತ್ತು ಮಾರುವ ಮೊದಲು.

ನನ್ನ ಸಹಿಯ ಪಂಚನಾಮೆಯ ಕೇಸು ಇನ್ನೂ ನಡೆಯುತ್ತಿದೆ. ಸಾಕ್ಷಿ ಹೇಳಲು ನನಗೆ ಸಮನ್ಸ್ ಬಂದಿದೆ. ಗಿಡ ಇದ್ದದ್ದು ನಿಜ ಎನ್ನುತ್ತೇನೆ. ಬೇರು, ಮಣ್ಣು, ಚೀಲ ಸೇರಿಸಿ ತೂಗಿದ್ದೂ ನಿಜ, ಅದನ್ನು ಕಂಡೂ ನಾನು ಸುಮ್ಮನಿದ್ದದ್ದೂ ನಿಜ ಎನ್ನುತ್ತೇನೆ.

ಮುಂಗಾರಿನಲ್ಲಿ ತೊಗರಿ ಜತೆ ಬಿತ್ತಿದ ಗಾಂಜಾ ದಸರೆ, ದೀಪಾವಳಿಯ ಹೊತ್ತಿಗೆ ಹೂವಿಗೆ ಬರುತ್ತದೆ, ಆಗಲೇ ದಾಳಿಗಳು ಶುರುವಾಗುತ್ತವೆ. ಸುತ್ತೋಲೆ ಅದಕ್ಕೆ ಮೊದಲು ಠಾಣೆಗಳನ್ನು ಮುಟ್ಟಲಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗ್ರಾಮ ಲೆಕ್ಕಿಗ
ತೊಗರಿ ಸೀಮೆಯ ಒಂದು ಹಳ್ಳಿಯಿಂದ